ಹುಲ್ಲಿನ ಟ್ರಕ್ಕಿನ ತಂಪು

ಆಟಗಾರರಿಗೆ ಸೆಖೆಯಾಗುತ್ತದೆಂದು ವಿಶ್ವಕಪ್ಪನ್ನೇ ಬೇಸಿಗೆಯಿಂದ ಚಳಿಗಾಲಕ್ಕೆ ದೂಡಿದ್ದಾರೆ ಎಂಬ ಸುದ್ದಿ ನನಗೆ ಮೊದಲು ಸಿಕ್ಕಿದ್ದು ಅರಬ್ ದೇಶದ ಅಲ್ ಕುಸೈಸಿನ ನಮ್ಮ ಫ್ಲಾಟಿನಲ್ಲಿ, ಊಟದ ಮೇಜಿನ ಮುಂದೆ, ಏಳನೇ ಕ್ಲಾಸಿನ ಮಗಳ ಬಾಯಿಂದ. ಅವಳ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇತ್ತು. ಸುಡುಬಿಸಿಲಿನ ದೇಶಗಳಲ್ಲಿ ದೊಡ್ಡ ಫುಟ್‌ಬಾಲ್ ಟೂರ್ನಿ ನಡೆಸಬೇಕೇ ಬೇಡವೇ ಎಂಬುದು ವಿಷಯ. ಇವಳದ್ದು ಬೇಡ ಎನ್ನುವ ಪಕ್ಷ. ಕಪ್ ನಡೆಯುವುದು ನಾವಿದ್ದ ದೇಶದಲ್ಲಿ ಅಲ್ಲ, ನೆರೆಯ ದೇಶದಲ್ಲಿ. ಆದರೆ ಸೂರ್ಯ ಇಬ್ಬರಿಗೂ ಒಬ್ಬನೇ.

"ಪಪ್ಪಾ, ಗಿವ್ ಮಿ ಪಾಯಿಂಟ್ಸ್. ಯು ವರ್ಕ್ ಇನ್ ದ ಹೀಟ್, ನೋ?" ಎಂದಳು.

ಅವಳು ಬರೆದಿಟ್ಟ ಮೂರು ಹಾಳೆ ಓದಿದೆ. ಆಟಗಾರರ ಮೈಯ ನೀರು ಬೆವರಾಗಿ ಹೋಗುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ, ಆಟದ ನಡುವೆ ನೀರಿಗೆಂದು ಬಿಡುವು ಕೊಡಬೇಕಾಗುತ್ತದೆ, ನೋಡಲು ಬಂದವರು ತಲೆತಿರುಗಿ ಬೀಳಬಹುದು. ಎಲ್ಲವೂ ಸರಿಯೇ. ಮೈದಾನ ಮಾಡುವವರ ಬಗ್ಗೆಯೂ ಒಂದು ಪಾಯಿಂಟ್ ಹಾಕು ಎಂದೆ. ಅವಳು ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, "ಪಪ್ಪಾ, ದಟ್ಸ್ ಆಫ್ ಟಾಪಿಕ್. ಟಾಪಿಕ್ ಈಸ್ ಟೂರ್ನಮೆಂಟ್" ಎಂದಳು. ಸ್ಪರ್ಧೆಯಲ್ಲಿ ಎರಡನೇ ಬಹುಮಾನವೂ ಬಂತು. ಆ ಪ್ರಾಯದ ಮಗುವಿನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅವಳು ಕತ್ತರಿಸಿ ಇಟ್ಟುಕೊಂಡ ಪೇಪರಿನ ಕ್ರೀಡಾಪುಟಗಳಲ್ಲಿಯೇ ಆ ಪಾಯಿಂಟ್ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಆ ಪುಟಗಳ ಮೇಲೆ. ಚಳಿಗಾಲಕ್ಕೆ ದೂಡಿದ ಮೇಲೆ ಸೆಖೆಯ ಪ್ರಶ್ನೆ ಮುಗಿಯಿತು ಎಂದು ದೊಡ್ಡ ದೊಡ್ಡವರು ಅದರಲ್ಲಿ ಬರೆದಿದ್ದರು. ಚಳಿಗಾಲದಲ್ಲಿ ಆಡಬೇಕಾದರೆ ಅದಕ್ಕಿಂತ ಮೊದಲಿನ ಬೇಸಿಗೆಯಲ್ಲಿ ಮೈದಾನ ತಯಾರಾಗಬೇಕು ಎಂಬಷ್ಟು ಲೆಕ್ಕ ನಮ್ಮ ಕಟ್ಟಡದ ವಾಚ್‌ಮನ್‌ಗೂ ಗೊತ್ತಿತ್ತು.

ನನ್ನ ಕೆಲಸ ಹುಲ್ಲಿನ ಕಂಪನಿಯಲ್ಲಿ. ಹೋಟೆಲಿನ ಅಂಗಳ, ರಸ್ತೆ ನಡುವಿನ ವೃತ್ತ, ಅರಬ್ ಶೇಖ್‌ಗಳ ಬಂಗಲೆ, ಆಟದ ಮೈದಾನ, ಎಲ್ಲಿ ಮರಳಿನ ಮೇಲೆ ಹಸಿರು ಬೇಕೋ ಅಲ್ಲಿಗೆ ನಾವು. ಒಮ್ಮೆ ರಜೆಯಲ್ಲಿ ಉಡುಪಿ ಕಡೆಯ ನಮ್ಮ ಊರಿಗೆ ಹೋದಾಗ ಇಗರ್ಜಿಯ ಪಾದ್ರಿಗಳು, "ಹುಲ್ಲು ಹಾಕ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದು ಕೇಳಿ ನಕ್ಕಿದ್ದರು. ನಮ್ಮಲ್ಲಿ ಹುಲ್ಲು ಎಂದರೆ ಕಿತ್ತೆಸೆಯುವ ವಸ್ತು. ಅದೂ ಅಲ್ಲದೆ ನಾನು ಹುಲ್ಲು ಹಾಕುವವನೂ ಅಲ್ಲ, ಸೇಫ್ಟಿ ಆಫೀಸರ್. ತಲೆಗೆ ಬಿಳಿ ಹೆಲ್ಮೆಟ್, ಕುತ್ತಿಗೆಗೆ ಸೀಟಿ. ಕೆಲಸದವರು ನೀರು ಕುಡಿದರೇ ಎಂದು ಕೇಳುವುದು, ಕೇಳಿದ್ದೇನೆ ಎಂದು ಬರೆದಿಡುವುದು.

ಹುಲ್ಲು ಹಾಸುವವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಬ್ಯಾರಿ. ಮಂಗಳೂರಿನ ತೆಂಕು ಬದಿಯ ಕಡಲ ಕರೆಯವರು, ಐವತ್ತು ದಾಟಿದವರು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಇಂಜಿನಿಯರ್ ಎದುರು ಅವರು ನನ್ನನ್ನು ಸರ್ ಎನ್ನುತ್ತಿದ್ದರು, ಅವನು ಆಚೆ ಹೋದೊಡನೆ ಮಾರಾಯ್ರೆ ಎನ್ನುತ್ತಿದ್ದರು. ಇರುವುದು ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ. ಶುಕ್ರವಾರ ಸಂಜೆ ಅಲ್ಲಿ ಕ್ಯಾಂಪಿನ ಗೋಡೆಗೂ ಸಾಲಾಗಿ ನಿಂತ ಬಸ್ಸುಗಳಿಗೂ ನಡುವಿನ ಮರಳಿನಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ಕಾಕ ರೆಫ್ರಿ. ಸೀಟಿ ನನ್ನದೇ, ಗುರುವಾರ ಕೊಂಡುಹೋದರೆ ಶನಿವಾರ ವಾಪಸು ಕೊಡುತ್ತಿದ್ದರು. ಹುಡುಗಾಟದ ವಯಸ್ಸಿನಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ಬರಿಗಾಲಲ್ಲಿ ಆಡಿದವರಂತೆ. ಕೂಳೆ ಚುಚ್ಚಿ ಅಂಗಾಲು ದಪ್ಪವಾಗಿದ್ದಕ್ಕೇ ಈ ದೇಶದ ಮರಳು ತನಗೆ ಸುಡುವುದಿಲ್ಲ ಎಂದು ಹೇಳುತ್ತಿದ್ದರು.

ಅವರ ಕೆಲಸ ನೋಡಬೇಕು. ಹುಲ್ಲಿನ ಸುರುಳಿ ಬಿಡಿಸಿ ಹಾಸುವುದು ಯಾರಿಗೂ ಬರುತ್ತದೆ, ಕಷ್ಟ ಇರುವುದು ಒಂದು ಸುರುಳಿಗೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ. ಎಳೆದು ಕೂಡಿಸಿದರೆ ನಾಳೆ ಒಣಗಿ ಬಿಟ್ಟುಕೊಳ್ಳುತ್ತದೆ, ಒತ್ತಿ ಕೂಡಿಸಿದರೆ ಉಬ್ಬುತ್ತದೆ. ಕಾಕ ಮಂಡಿಯೂರಿ ಕುಳಿತು ಅಂಗೈಯ ಬುಡದಿಂದ ಅದನ್ನು ತಟ್ಟಿ ತಟ್ಟಿ ಕೂರಿಸುತ್ತಿದ್ದರು. ಆಮೇಲೆ ಜೇಬಿನಿಂದ ರೋಮವೆಲ್ಲ ಉದುರಿಹೋದ ಒಂದು ಟೆನಿಸ್ ಚೆಂಡು ತೆಗೆದು ಸಂದಿನ ಮೇಲೆ ಉರುಳಿಸುತ್ತಿದ್ದರು. ಚೆಂಡು ಕೂದಲೆಳೆಯಷ್ಟು ಹಾರಿದರೂ ಸುರುಳಿ ಎತ್ತಿ ಮತ್ತೆ ಹಾಕಬೇಕು. ಇದನ್ನು ಯಾವ ಇಂಜಿನಿಯರೂ ಅವರಿಗೆ ಹೇಳಿಕೊಟ್ಟದ್ದಲ್ಲ.

ಮಗಳ ಚರ್ಚೆ ನಡೆದು ಮೂರು ವರ್ಷವಾಗಿತ್ತು. ನಮ್ಮ ದೇಶಕ್ಕೂ, ಅಂದರೆ ನಾವು ದುಡಿಯುತ್ತಿದ್ದ ದೇಶಕ್ಕೂ, ಒಂದು ದೊಡ್ಡ ಟೂರ್ನಿ ಬಂತು. ವಿಶ್ವಕಪ್ಪಿನಷ್ಟಲ್ಲದಿದ್ದರೂ ಹಲವು ದೇಶಗಳ ತಂಡಗಳು ಬರುವಂಥದ್ದು. ಇಲ್ಲಿಯೂ ಬುದ್ಧಿವಂತರೇ. ಜನವರಿ ಎಂದು ನಿಗದಿ ಮಾಡಿದರು. ಅಬುಧಾಬಿಯ ಒಂದು ಮೈದಾನಕ್ಕೆ ಹೊಸ ಹುಲ್ಲು ಹಾಸುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತು. ಜನವರಿಯ ಆಟಕ್ಕೆ ಬೇರು ಗಟ್ಟಿಯಾಗಬೇಕಾದರೆ ಜುಲೈಯಲ್ಲಿ ಹಾಸಬೇಕು. ಅಲ್ಲಿಗೆ ಆಟಗಾರರ ಸೆಖೆ ಇಳಿದು ನೇರ ಕಾಕನ ತಲೆಯ ಮೇಲೆ ಬಂದು ಕೂತಿತು. ಹಾಸಿದವರಿಗೆಲ್ಲ ಮೊದಲ ಪಂದ್ಯಕ್ಕೆ ಸ್ಟೇಡಿಯಮಿನಲ್ಲಿ ಸೀಟು ಎಂದು ಕಂಪನಿ ಮಾತು ಕೊಟ್ಟಿತ್ತು. ಕಾಕ ಆ ಮಾತನ್ನು ದಿನಕ್ಕೆ ಮೂರು ಸಲ ನೆನಪಿಸುತ್ತಿದ್ದರು. ಇಷ್ಟು ವರ್ಷ ಎಷ್ಟೋ ಮೈದಾನ ಹಾಸಿದರೂ ಒಂದರಲ್ಲಿಯೂ ಕೂತು ಆಟ ನೋಡಿದವರಲ್ಲ. "ಇದೊಂದು ನೋಡಿ ಊರಿಗೆ ಹೋಗುದು ಮಾರಾಯ್ರೆ, ಮತ್ತೆ ಸಾಕು" ಎನ್ನುತ್ತಿದ್ದರು.

ಹುಲ್ಲು ಬೆಳೆಯುವುದು ದೂರದ ಫಾರ್ಮಿನಲ್ಲಿ. ಅದನ್ನು ಮಣ್ಣು ಸಮೇತ ಕೊಯ್ದು ಚಾಪೆಯ ಹಾಗೆ ಸುತ್ತುತ್ತಾರೆ. ಸುತ್ತಿದ ಹುಲ್ಲು ಒಳಗೊಳಗೇ ಕಾಯುತ್ತದೆ, ನಮ್ಮಲ್ಲಿ ಒದ್ದೆ ಬೈಹುಲ್ಲಿನ ರಾಶಿ ಕಾಯುವ ಹಾಗೆ. ಅದಕ್ಕೇ ಹಣ್ಣು ಮೀನು ತರುವಂಥ ಚಿಲ್ಲರ್ ಟ್ರಕ್ಕಿನಲ್ಲಿ ತರಬೇಕು. ಹುಲ್ಲಿಗೆ ಇಷ್ಟು ಡಿಗ್ರಿ ಎಂದು ಟ್ರಕ್ಕಿನ ಬಾಗಿಲಿಗೆ ಕಾಗದವೇ ಅಂಟಿಸಿರುತ್ತಾರೆ. ಕಾಕ ಮತ್ತು ಉಳಿದವರು ಮುಹೈಸ್ನಾದಿಂದ ಅಬುಧಾಬಿಗೆ ಬರುತ್ತಿದ್ದ ಬಸ್ಸಿನ ಎ.ಸಿ. ಹೆಸರಿಗೆ ಮಾತ್ರ. ಅದರ ಬಾಗಿಲಿಗೆ ಯಾರೂ ಏನೂ ಅಂಟಿಸಿರಲಿಲ್ಲ.

ನಡು ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂದು ಸರಕಾರದ ಕಾನೂನಿದೆ, ಒಳ್ಳೆಯ ಕಾನೂನು. ನಡುವೆ ನಿಲ್ಲಿಸಲಾಗದ ಕೆಲವು ಕೆಲಸಗಳಿಗೆ ವಿನಾಯಿತಿಯೂ ಇದೆ. ಎಲ್ಲಿ ಬಾಗಿಲು ಇದೆಯೋ ಅಲ್ಲಿ ನುಗ್ಗುವ ಜನವೂ ಇರುತ್ತಾರಲ್ಲ. ನಮ್ಮಲ್ಲಿ ಇನ್ನೊಂದು ಕ್ರಮವೂ ಇತ್ತು. ಬಿಸಿಲು, ತೇವ, ಗಾಳಿ ಮೂರನ್ನೂ ಒಟ್ಟಿಗೆ ಅಳೆದು ಒಂದೇ ಅಂಕೆ ತೋರಿಸುವ ಮೀಟರನ್ನು ಮೈದಾನದ ನಡುವೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಇಡುವುದು, ಅಂಕೆ ನೋಡಿ ನಾನು ಬಾವುಟ ಏರಿಸುವುದು. ಹಸಿರಾದರೆ ಕೆಲಸ, ಹಳದಿಯಾದರೆ ಗಂಟೆಗೊಮ್ಮೆ ಬಿಡುವು, ಕೆಂಪಾದರೆ ಖಲಾಸ್, ಎಲ್ಲರೂ ನೆರಳಿಗೆ. ಕೆಂಪು ಬಾವುಟ ಏರಿದರೆ ಇಂಜಿನಿಯರ್ ಕೂಡ ಎದುರು ಮಾತಾಡುವಂತಿಲ್ಲ. ಆ ಬಾವುಟದ ಜಂಬ ನನಗೂ ಸ್ವಲ್ಪ ಇತ್ತು.

ಆ ದಿನ ಟ್ರಕ್ ಬರಬೇಕಾದದ್ದು ಬೆಳಗಿನ ನಾಲ್ಕಕ್ಕೆ. ಗೇಟ್ ಪಾಸಿನಲ್ಲಿ ಯಾರೋ ಬೇರೆ ಟ್ರಕ್ಕಿನ ನಂಬರು ಬರೆದಿದ್ದರು. ಗೇಟಿನವನು ಬಿಡಲಿಲ್ಲ. ಹೊಸ ಪಾಸು ಆಗಿ ಟ್ರಕ್ ಒಳಗೆ ಬರುವಾಗ ಹನ್ನೊಂದು ದಾಟಿತ್ತು. ಅಷ್ಟು ಹೊತ್ತು ಕಾಕ ಮತ್ತು ಉಳಿದವರು ಹಸಿರು ಬಲೆಯ ಚಪ್ಪರದಡಿ ಕೂತು ಬೆವರಿದ್ದೇ ಬಂತು. ಇಂಜಿನಿಯರ್ ಬಂದು ಟ್ರಕ್ಕಿನೊಳಗೆ ಕೈ ಹಾಕಿ ಒಂದು ಸುರುಳಿ ಮುಟ್ಟಿ ನೋಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ನಾಳೆಗೆ ಇಟ್ಟರೆ ಹಳದಿಯಾಗುತ್ತದೆ, ಈಗಲೇ ಹಾಸಬೇಕು, ಇದು ನಿಲ್ಲಿಸಲಾಗದ ಕೆಲಸ ಎಂದ. ಮಧ್ಯಾಹ್ನದ ಬಿಡುವು ಎಂದು ನಾನು ನೆನಪಿಸಿದೆ. "ಮೀಟರ್ ಹೇಳಲಿ. ಕೆಂಪಾದರೆ ನಿಲ್ಲಿಸು, ನಾನು ಮಾತಾಡುವುದಿಲ್ಲ" ಎಂದ.

ಸ್ಟ್ಯಾಂಡ್ ಇನ್ನೊಂದು ಗೇಟಿನ ಹತ್ತಿರದ ಕ್ಯಾಬಿನ್ನಿನಲ್ಲಿ ಉಳಿದಿತ್ತು. ಬಿಸಿಲಿನಲ್ಲಿ ಅಲ್ಲಿಯವರೆಗೆ ನಡೆದು ತರಲು ನನಗೆ ಉದಾಸೀನವಾಯಿತು. ನೆಲದ ಮೇಲಿಟ್ಟರೆ ಕೈಗಾಡಿ ಹತ್ತಿಸಿಬಿಡುತ್ತಾರೆ. ಮೀಟರನ್ನು ಟ್ರಕ್ಕಿನ ಹಿಂಬಾಗಿಲ ಅಂಚಿನ ಮೇಲೆ ಇಟ್ಟೆ. ಬಾಗಿಲು ತೆರೆದೇ ಇತ್ತು, ಸುರುಳಿಗಳನ್ನು ಇಳಿಸುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅಂಕೆ ಇಪ್ಪತ್ತೇಳು. ಹಿಂದಿನ ದಿನ ಅದೇ ಹೊತ್ತಿಗೆ ಮೂವತ್ಮೂರು ತೋರಿಸಿ ಕೆಂಪು ಬಾವುಟ ಏರಿತ್ತು. ಹೇಗೆ ಇಳಿಯಿತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಸದ್ಯ, ಇಂಜಿನಿಯರ್ ಹತ್ತಿರ ಜಗಳ ತಪ್ಪಿತು ಎಂದು ಖುಷಿಯಾಯಿತು. ಹಸಿರು ಬಾವುಟ ಏರಿಸಿ, ಪುಸ್ತಕದಲ್ಲಿ ಅಂಕೆ ಬರೆದು, ಸಹಿ ಹಾಕಿದೆ.

ಕಾಕ ಬಾವುಟ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇವತ್ತು ಹಸಿರಾ ಮಾರಾಯ್ರೆ? ನಂಗೆ ಹಾಗೆ ಕಾಣುದಿಲ್ಲ."

"ಮೀಟರ್ ಹಾಗೆ ಹೇಳ್ತದೆ ಕಾಕ."

"ಮೀಟರಿಗೆ ನನ್ನಷ್ಟು ಪ್ರಾಯ ಆಗ್ಲಿಲ್ಲ ಅಲ್ವಾ" ಎಂದು ನಕ್ಕು, ಎಡ ಮೂಲೆಯ ಕಡೆ ಹೋದರು. ಕಾರ್ನರ್ ಬಾವುಟ ನೆಡುವ ಜಾಗ ಅದು, ಸುರುಳಿಗಳನ್ನು ಕತ್ತರಿಸಿ ಕೂಡಿಸಬೇಕು, ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಹನ್ನೆರಡೂವರೆಯಾಯಿತು, ಒಂದೂವರೆಯಾಯಿತು. ನಾನು ಟ್ರಕ್ಕಿನ ಹತ್ತಿರವೇ ಇದ್ದೆ. ಸುರುಳಿ ಒಯ್ಯಲು ಬಂದವರು ಬಾಗಿಲ ಬಳಿ ಒಂದು ಗಳಿಗೆ ಹೆಚ್ಚು ನಿಂತರೆ, "ಯಲ್ಲಾ, ಯಲ್ಲಾ, ತಂಪು ಹೋಗ್ತದೆ, ಹುಲ್ಲು ಬಾಡ್ತದೆ" ಎಂದು ಅಟ್ಟುತ್ತಿದ್ದೆ. ಹುಲ್ಲು ಹಾಳಾದರೆ ನನ್ನ ತಲೆಗೆ ಬರುತ್ತದೆಂಬ ಚಿಂತೆ. ಆಗಾಗ ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದೆ. ಇಪ್ಪತ್ತೇಳು, ಇಪ್ಪತ್ತಾರು, ಮತ್ತೆ ಇಪ್ಪತ್ತೇಳು.

ಎರಡು ಗಂಟೆಯ ಸುಮಾರಿಗೆ ತಲೆ ಎತ್ತಿ ನೋಡಿದರೆ ಕಾಕ ಮೂಲೆಯಲ್ಲಿ ಮಂಡಿಯೂರಿ, ಹಣೆಯನ್ನು ಹುಲ್ಲಿಗೆ ಊರಿ ಇದ್ದರು. ಮಧ್ಯಾಹ್ನದ ನಮಾಜಿನ ಹೊತ್ತು. ಕಾಕ ಎಲ್ಲಿದ್ದರಲ್ಲಿ ನಮಾಜು ಮುಗಿಸಿಬಿಡುವವರು, ಅದು ಎಲ್ಲರಿಗೂ ಗೊತ್ತು. ನಮಾಜು ಮಾಡುವವರ ಮುಂದೆ ಹಾಯಬಾರದೆಂದು ಕೈಗಾಡಿಯವರು ಸುತ್ತಿಕೊಂಡು ಹೋದರು. ನಾನೂ ಮುಖ ಆಚೆ ತಿರುಗಿಸಿಕೊಂಡೆ. ಅನ್ಯ ಧರ್ಮದವನು ಪ್ರಾರ್ಥನೆಯ ಹೊತ್ತಿನಲ್ಲಿ ದಿಟ್ಟಿಸಿ ನೋಡಬಾರದು ಎಂದು ಅಮ್ಮ ಕಲಿಸಿದ್ದು. ಎಷ್ಟು ಹೊತ್ತು ಹಾಗೆ ಹೋಯಿತೋ, ಐದು ನಿಮಿಷವೋ ಹತ್ತು ನಿಮಿಷವೋ, ಇವತ್ತಿಗೂ ನಾನು ಸರಿಯಾಗಿ ಹೇಳಲಾರೆ. ಕಾಕನ ಜೊತೆ ಕೆಲಸ ಮಾಡುತ್ತಿದ್ದ ಪಾಕಿಸ್ತಾನದ ಒಬ್ಬ ಕೈಗಾಡಿ ನಿಲ್ಲಿಸಿ ಅವರನ್ನೇ ನೋಡಿದ. "ಕಿಬ್ಲಾ ಆ ಕಡೆ ಅಲ್ಲವಲ್ಲ" ಎಂದು, ನಮಾಜಿಗೆ ಮುಖ ಮಾಡಬೇಕಾದ ದಿಕ್ಕು ತಪ್ಪಿದ್ದನ್ನು ಕಂಡು, ಹಿಂದಿಯಲ್ಲಿ ತನ್ನಷ್ಟಕ್ಕೇ ಎಂಬಂತೆ ಹೇಳಿದ. ಆಮೇಲೆ ಓಡಿದ.

ಮೈ ಕಾದ ಕಾವಲಿಯಾಗಿತ್ತು, ಬೆವರು ಒಂದು ಹನಿಯೂ ಇರಲಿಲ್ಲ. ಕರೆದರೆ ಮಾತಿಲ್ಲ. ನಾಲ್ಕು ಜನ ಎತ್ತಿಕೊಂಡು ಬಂದೆವು. ಅಂಬುಲೆನ್ಸ್ ಬರುವವರೆಗೆ ತಂಪಾದ ಜಾಗ ಎಂದರೆ ಒಂದೇ. ಟ್ರಕ್ಕಿನೊಳಗೆ, ಹುಲ್ಲು ಖಾಲಿಯಾದ ಕಡೆ ಮಲಗಿಸಿ, ಅಂಗಿ ಬಿಚ್ಚಿ ನೀರು ಸುರಿದೆವು. ಆಗ ನನ್ನ ಬಲಗೈ ಬಾಗಿಲ ಅಂಚಿನ ಮೇಲಿತ್ತು, ಮೀಟರಿನ ಪಕ್ಕದಲ್ಲಿ. ಒಳಗಿನಿಂದ ತಣ್ಣನೆಯ ಗಾಳಿ ಇಳಿದು ಮುಂಗೈಯ ಮೇಲೆ ಹರಿಯುತ್ತಿತ್ತು. ಹನ್ನೊಂದೂವರೆಯಿಂದ ನಾನು ಅಳೆದು ಬರೆದದ್ದು ಹುಲ್ಲಿನ ಸೆಖೆಯನ್ನು, ಮನುಷ್ಯರದ್ದನ್ನಲ್ಲ.

ಅಂಬುಲೆನ್ಸ್ ಹೋದ ಮೇಲೆ ಮೀಟರನ್ನು ಮರಳಿನ ಕಡೆ ಕೊಂಡುಹೋಗಿ ಹಿಡಿದು ನಿಂತೆ. ಅಂಕೆ ಒಂದೊಂದಾಗಿ ಏರಿತು, ಮೂವತ್ನಾಲ್ಕಕ್ಕೆ ನಿಂತಿತು. ಹಸಿರು ಬಾವುಟ ಇನ್ನೂ ಮೇಲೆಯೇ ಇತ್ತು, ನಾನೇ ಹೋಗಿ ಇಳಿಸಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಬಿಸಿಲು ಹೊಡೆದವರ ಕಿಡ್ನಿಗೆ ಏನಾಗುತ್ತದೆ ಎಂದು ಮೊದಲು ವಿವರಿಸಿದಳು. ಆಮೇಲೆ, "ಇದ್ದದ್ದನ್ನು ಇದ್ದ ಹಾಗೆ ಬರೀರಿ. ಮತ್ತೆ ನಿದ್ದೆ ಬರ್ಬೇಕಲ್ಲ ನಿಮ್ಗೆ" ಎಂದಳು.

ಬರೆದೆ. ಮೀಟರ್ ಟ್ರಕ್ಕಿನ ಬಾಗಿಲಲ್ಲಿತ್ತು, ಅಂಕೆ ತಪ್ಪು, ಬಾವುಟ ಕೆಂಪಾಗಬೇಕಿತ್ತು ಎಂದು ಒಂದು ಪುಟ. ಇಂಜಿನಿಯರ್ ಓದಿದ. ಸಿಟ್ಟು ಮಾಡಲಿಲ್ಲ, ಚಹಾ ತರಿಸಿದ. "ಅವನು ಉಪವಾಸ ಇದ್ದನಾ?" ಎಂದು ಕೇಳಿದ. ರಂಜಾನ್ ಮುಗಿದು ತಿಂಗಳಾಯಿತು ಎಂದೆ. ಕೆಲವರು ಆಮೇಲೂ ಹಿಡಿಯುತ್ತಾರಂತಲ್ಲ ಎಂದ. ಕಾಕ ಬೆಳಿಗ್ಗೆ ನನ್ನೆದುರೇ ಪರೋಟ ತಿಂದಿದ್ದಾರೆ ಎಂದೆ. ಆಗ ಅವನು ನನ್ನ ಪುಟವನ್ನೂ ಕಾಕ ಬಿದ್ದ ದಿನದ ಮೀಟರ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟ. "ಸಹಿ ಯಾರದು?" ಎಂದ.

ನನ್ನದು. ಎರಡೂ ಕಡೆ ನನ್ನದೇ.

ಆ ಮನುಷ್ಯ ಬೆದರಿಸಲಿಲ್ಲ, ಅದನ್ನು ಹೇಳಲೇಬೇಕು. ಬೆದರಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಕೆಲಸ ಹೋದರೆ ವೀಸಾ ಹೋಗುತ್ತದೆ, ನನ್ನ ವೀಸಾದ ಮೇಲೆ ಮಗಳು ನಿಂತಿದ್ದಾಳೆ, ಅವಳು ಹತ್ತನೇ ಕ್ಲಾಸಿನಲ್ಲಿದ್ದಾಳೆ, ಬೋರ್ಡ್ ಪರೀಕ್ಷೆ. ಇದನ್ನೆಲ್ಲ ನಾನೇ ನನಗೆ ಹೇಳಿಕೊಂಡೆ. ಅವನು ಚಹಾ ಕುಡಿಯುತ್ತಾ ಕಾದ. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಬರೆಯೋಣ ಎಂದ. ಮುರಿಯದೆ ಉಳಿದ ಕೋಲು ನಾನೇ. ಕೆಲಸಗಾರ ಸಾಕಷ್ಟು ನೀರು ಕುಡಿದಿರಲಿಲ್ಲ, ಸೂಚನೆ ಕೊಟ್ಟರೂ ಪಾಲಿಸಲಿಲ್ಲ ಎಂದು ಎರಡು ಸಾಲು ಇಂಗ್ಲಿಷಿನಲ್ಲಿ ಬರೆದೆ. ನೀರು ಕುಡಿದರೆ ಮೈದಾನದ ಆ ತುದಿಯ ತಗಡಿನ ಟಾಯ್ಲೆಟ್ಟಿಗೆ ಹೋಗಬೇಕು, ಅದು ಒಲೆಯ ಹಾಗೆ ಕಾದಿರುತ್ತದೆ, ಅದಕ್ಕೇ ಎಲ್ಲರೂ ಕಡಿಮೆ ಕುಡಿಯುತ್ತಾರೆ ಎಂಬ ಮೂರನೇ ಸಾಲು ಇರಬೇಕಿತ್ತು. ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಕೇಳಿದ್ದೆ. ನನ್ನ ಮಾನ ಒಂದು ಗ್ಲಾಸು ಕರಕ್ ಚಹಾಕ್ಕೆ ಹೋಯಿತು.

ಮರುದಿನ ಆಸ್ಪತ್ರೆಗೆ ಹೋದೆ. ಕಾಕನಿಗೆ ಪ್ರಜ್ಞೆ ಬಂದಿತ್ತು. ತುಟಿ ಒಡೆದಿತ್ತು, ಕೈಗೆ ಸೂಜಿ ಚುಚ್ಚಿತ್ತು, ಅಂಗೈಗೆ ಹುಲ್ಲಿನ ಬಣ್ಣ ಹಾಗೆಯೇ ಇತ್ತು. ಮೊದಲು ಕೇಳಿದ್ದು ಆ ಮೂಲೆ ಮುಗಿಯಿತಾ ಎಂದು. ಮುಗಿಯಿತು ಎಂದೆ.

"ಜನವರಿ ತನಕ ಬಿಡ್ತಾರಾ ಮಾರಾಯ್ರೆ?"

ಬಿಡುತ್ತಾರೆ ಎಂದೆ. ಸಹಿ ಹಾಕಿ ಆಗಿತ್ತು. ತಪ್ಪು ಕೆಲಸಗಾರನದ್ದೇ ಎಂದು ಬರೆದಾದ ಮೇಲೆ ಅವನನ್ನು ಉಳಿಸಿಕೊಳ್ಳುವ ಕ್ರಮ ನಮ್ಮ ಕಂಪನಿಯಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ತಲೆದಿಂಬಿನ ಪಕ್ಕದಲ್ಲಿ ಎರಡು ಕಿತ್ತಳೆ ಇಟ್ಟು ಹೊರಟು ಬಂದೆ.

ಸೆಪ್ಟೆಂಬರಿನಲ್ಲಿ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿದರು. ಏರ್‌ಪೋರ್ಟಿಗೆ ಬಿಡಲು ನಾನು ಹೋಗಬೇಕಿತ್ತು. ಆ ದಿನ ಆಫೀಸಿನಲ್ಲಿ ಏನೋ ಕೆಲಸದ ನೆಪ ಮಾಡಿಕೊಂಡು ಕೂತೆ. ಸೀಟಿಯನ್ನು ಕಾಕ ಯಾರ ಕೈಯಲ್ಲೋ ಕಳಿಸಿಕೊಟ್ಟಿದ್ದರು.

ಜನವರಿ ಬಂತು. ಹುಲ್ಲು ಹಾಸಿದವರಿಗೆ ಕೊಡುತ್ತೇವೆಂದ ಸೀಟು ಆಫೀಸಿನವರ ಸಂಸಾರಗಳಿಗೆ ಹಂಚಿಹೋಯಿತು. ಕ್ಯಾಂಪಿನವರಿಗೆ ಪಂದ್ಯದ ದಿನ ಅಲ್ ಕೂಜ್‌ನ ಗೋದಾಮಿನಲ್ಲಿ ಕೆಲಸ ಹಾಕಿದ್ದರು. ನನಗೂ ಮೂರು ಟಿಕೆಟ್ ಸಿಕ್ಕಿತು. ಬೇಡ ಎನ್ನಬಹುದಿತ್ತು. ಮಗಳಿಗೆ ಆಸೆ ಇತ್ತು, ಹೋದೆವು.

ಎಂಥ ಹವೆ ಅಂತೀರಿ. ಜನ ಸ್ವೆಟರ್ ಹಾಕಿಕೊಂಡು ಬಂದಿದ್ದರು. ನಮ್ಮ ಹಿಂದಿನ ಸಾಲಿನಲ್ಲಿ ಕೂತ ಒಬ್ಬರು, ಮಾತು ಕೇಳಿದರೆ ನಮ್ಮ ಊರ ಕಡೆಯವರೇ, "ಇಲ್ಲಿ ಆಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿದವ ಯಾರು ಮಾರಾಯಾ? ನೋಡು ಗ್ರೌಂಡ್, ಕಾರ್ಪೆಟ್ ಇದ್ದ ಹಾಗೆ ಉಂಟು" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ತಿರುಗಿ ಎರಡು ಮಾತು ಹೇಳಬೇಕೆಂದು ನಾಲಗೆಯ ತುದಿಗೆ ಬಂತು. ಈ ಹುಲ್ಲಿಗೆ ಟ್ರಕ್ಕಿನಲ್ಲಿ ಇಷ್ಟು ಡಿಗ್ರಿ ತಂಪು ಎಂದು ಬರೆದಿತ್ತು, ಹಾಸಿದವರಿಗೆ ಬರೆದಿರಲಿಲ್ಲ ಎಂದು. ಆಟಗಾರರ ಸೆಖೆಯನ್ನು ಪೇಪರಿನವರು ಅಳೆದರು, ಹುಲ್ಲಿನ ಸೆಖೆಯನ್ನು ನಾನು ಅಳೆದೆ, ಕೆಲಸದವರದ್ದನ್ನು ಅಳೆಯಲು ಯಾರೂ ಇರಲಿಲ್ಲ ಎಂದು. ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಆಗುತ್ತಿತ್ತು.

ಅರ್ಧ ಪಂದ್ಯ ಮುಗಿದು ಬಿಡುವಾದಾಗ ಫೋನ್ ಬಂತು. ಕಾಕ. ಹೋದ ಮೇಲೆ ಒಮ್ಮೆಯೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಜನರ ಗಲಾಟೆಯಲ್ಲಿ ಕೇಳುವುದಿಲ್ಲವೆಂದು ಮೆಟ್ಟಿಲ ಹತ್ತಿರ ಹೋದೆ.

"ಟೀವಿಯಲ್ಲಿ ನೋಡ್ತಾ ಇದ್ದೇನೆ. ನೀವು ಒಳಗೆ ಇದ್ದೀರಿ ಅಂತ ಕ್ಯಾಂಪಿನವರು ಹೇಳಿದ್ರು" ಎಂದರು. ಸ್ವರ ಸಣ್ಣದಾಗಿತ್ತು. ಹೇಗಿದ್ದೀರಿ ಎಂದೆ. ಬಿಸಿಲಿಗೆ ಕಾಲಿಡಬಾರದು ಎಂದಿದ್ದಾರಂತೆ ಡಾಕ್ಟರು. ಸ್ವಲ್ಪ ಬಿಸಿಲು ತಾಗಿದರೂ ತಲೆ ಸುತ್ತಿ ಬೀಳುತ್ತಾರಂತೆ. ಹುಡುಗರು ಗದ್ದೆಯಲ್ಲಿ ಆಡುವುದನ್ನು ನೋಡಲು ಹೋಗಬೇಕಾದರೂ ಸೂರ್ಯ ಮುಳುಗಬೇಕು, ಅಷ್ಟರಲ್ಲಿ ಆಟ ಮುಗಿದಿರುತ್ತದೆ ಎಂದರು. ದೂರು ಹೇಳುವ ದನಿಯಿರಲಿಲ್ಲ.

"ಅದು ಬಿಡಿ. ಎಡ ಮೂಲೆ ಟೀವಿಯಲ್ಲಿ ಸರಿ ಕಾಣುದಿಲ್ಲ. ಕಾರ್ನರ್ ಹೊಡೆಯುವಾಗ ಅಲ್ಲಿ ಚೆಂಡು ಹಾರ್ತದಾ, ನೋಡಿದ್ರಾ?"

ಆರು ತಿಂಗಳು ಹೇಳದೆ ಇಟ್ಟುಕೊಂಡಿದ್ದದ್ದು ಆಗ ಹೊರಗೆ ಬಂತು. "ಕಾಕ, ಒಂದು ವಿಷಯ ಹೇಳ್ಬೇಕು. ಆ ದಿನ ಬಾವುಟ ಹಸಿರು ಹಾಕಿದ್ದು ತಪ್ಪು. ನಾನು ಮೀಟರ್ ಇಟ್ಟದ್ದು ಟ್ರಕ್ಕಿನ ಬಾಗಿಲಲ್ಲಿ. ಅದು ಅಲ್ಲಿಯ ತಂಪನ್ನು ತೋರಿಸ್ತಾ ಇತ್ತು. ನಿಮ್ದು ತಪ್ಪು ಅಂತ ಬರೆದುಕೊಟ್ಟದ್ದು ಸಹ ನಾನೇ."

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು. ಇಲ್ಲಿಯ ಗಲಾಟೆಯೇ ಅಲ್ಲಿಯೂ, ಒಂದು ಗಳಿಗೆ ತಡವಾಗಿ.

"ಬರೆದದ್ದು ಗೊತ್ತಿರ್ಲಿಲ್ಲ" ಎಂದರು ಕಾಕ. ಆಮೇಲೆ, "ಮೀಟರ್ ಅಲ್ಲಿದ್ದದ್ದು ಗೊತ್ತುಂಟು. ನಾನು ಎರಡು ಸಲ ಅದರ ಹತ್ತಿರವೇ ಬಂದು ನಿಂತಿದ್ದೆ. ತಲೆ ಒಂದು ಥರಾ ಆಗ್ತಾ ಇತ್ತು. ಒಳ್ಳೆ ತಂಪಿತ್ತು ಅಲ್ಲಿ. ಎರಡು ಸಲವೂ ನೀವೇ ಅಲ್ವಾ ಯಲ್ಲಾ ಅಂತ ಕಳಿಸಿದ್ದು, ಹುಲ್ಲು ಬಾಡ್ತದೆ ಅಂತ" ಎಂದರು.

ನಾನು ಅಂದು ಅಟ್ಟಿದವರ ಮುಖ ಒಂದನ್ನೂ ನೋಡಿರಲಿಲ್ಲ, ಮೀಟರನ್ನೇ ನೋಡುತ್ತಿದ್ದೆ.

ಎರಡನೇ ಅರ್ಧಕ್ಕೆ ಸೀಟಿ ಊದಿದರು. ಮಗಳು ಮೆಟ್ಟಿಲ ಮೇಲೆ ಬಂದು ನಿಂತು, "ಪಪ್ಪಾ, ಕಮ್, ಇಟ್ಸ್ ಸ್ಟಾರ್ಟಿಂಗ್" ಎಂದಳು. ಕಾಕನಿಗೂ ಸೀಟಿ ಕೇಳಿಸಿರಬೇಕು.

"ಹೇಳಿ ಮಾರಾಯ್ರೆ" ಎಂದರು, "ಮೂಲೆಯಲ್ಲಿ ಚೆಂಡು ಹಾರ್ತದಾ?"

ಮೊದಲರ್ಧದಲ್ಲಿ ಆ ಮೂಲೆಯಿಂದ ನಾಲ್ಕು ಸಲ ಹೊಡೆದಿದ್ದರು, ನಾಲ್ಕು ಸಲವೂ ನಾನು ಬೇರೆ ಕಡೆ ನೋಡಿದ್ದೆ. ಹಾರುವುದಿಲ್ಲ ಕಾಕ ಎಂದೆ.